ರಾಜ್ಯಸಭಾ ಸದಸ್ಯರ ಮತ ಮತ್ತು ಮಾತಿನ ದಾಖಲೆಯನ್ನು ಹುಡುಕಿ ಓದುವುದು ಹೇಗೆ? ಬೆಂಗಳೂರಿನ ನಾಗರಿಕರಿಗೆ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಮತದಾರರು ವಿಧಾನಸಭೆಗೂ ಲೋಕಸಭೆಗೂ ನೇರವಾಗಿ ಮತ ಹಾಕುತ್ತಾರೆ, ರಾಜ್ಯಸಭೆಗೆ ಹಾಕುವುದಿಲ್ಲ. ಅಲ್ಲಿ ಕರ್ನಾಟಕಕ್ಕಿರುವ 12 ಸ್ಥಾನಗಳಿಗೆ ನಮ್ಮ 224 ಶಾಸಕರು ವಿಧಾನಸೌಧದಲ್ಲಿ ಮತ ಚಲಾಯಿಸಿ ಸದಸ್ಯರನ್ನು ಕಳುಹಿಸುತ್ತಾರೆ. ಆರು ವರ್ಷಗಳ ಅವಧಿಯಲ್ಲಿ ಆ ಸದಸ್ಯರು ನಮ್ಮ ಬೀದಿಗೆ ಮತ ಕೇಳಲು ಬರುವುದಿಲ್ಲ, ಅವರನ್ನು ಸೋಲಿಸುವ ಅವಕಾಶವೂ ನಮಗಿಲ್ಲ. ಆದ್ದರಿಂದ ಅವರು ನಮ್ಮ ಪರವಾಗಿ ಏನು ಮಾಡಿದರು ಎಂದು ತಿಳಿಯಲು ನಮಗಿರುವ ಗಟ್ಟಿ ಆಧಾರ ಸದನದ ದಾಖಲೆ. ಅಧಿವೇಶನ ಮುಗಿದಾಗಲೆಲ್ಲ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುವ ‘ಇಷ್ಟು ಪ್ರಶ್ನೆ, ಶೇಕಡಾ ಇಷ್ಟು ಹಾಜರಾತಿ’ ಎಂಬ ಪಟ್ಟಿಗಳು ಆ ದಾಖಲೆಯ ಹೊರಗಿನ ಸಿಪ್ಪೆ ಮಾತ್ರ. ಒಬ್ಬ ಸದಸ್ಯರ ಪ್ರತಿಯೊಂದು ಮತವನ್ನೂ ಪ್ರತಿಯೊಂದು ಮಾತನ್ನೂ ಅವು ಯಾವ ಕಟ್ಟುಪಾಡಿನೊಳಗೆ ಬಂದವು ಎಂಬುದರ ಜೊತೆಗಿಟ್ಟು ಓದದಿದ್ದರೆ ಅಂಕಿಗಳು ದಾರಿ ತಪ್ಪಿಸುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಮಾರ್ಗದರ್ಶಿ ಆ ಓದಿನ ಕ್ರಮವನ್ನು ಹಂತಹಂತವಾಗಿ ವಿವರಿಸುತ್ತದೆ.

ಒಂದು ಸ್ಪಷ್ಟನೆ ಮೊದಲೇ ಇರಲಿ. ಕರ್ನಾಟಕಕ್ಕೆ ತನ್ನದೇ ಮೇಲ್ಮನೆಯಿದೆ. 75 ಸದಸ್ಯರ ವಿಧಾನ ಪರಿಷತ್ತು ಅದು. ಅದರ ಕಲಾಪಗಳ ದಾಖಲೆ ರಾಜ್ಯ ವಿಧಾನಮಂಡಲದ ಬಳಿ ಇರುತ್ತದೆ. ಇಲ್ಲಿ ಹೇಳುತ್ತಿರುವುದು ಸಂಸತ್ತಿನ ಮೇಲ್ಮನೆಯ ವಿಚಾರ.

ಹಂತ 1: ಸದಸ್ಯರು ಯಾರು, ಯಾವ ಅವಧಿಯಲ್ಲಿ ಯಾವ ಸ್ಥಾನದಲ್ಲಿದ್ದರು?

ದಾಖಲೆ ತೆರೆಯುವ ಮುನ್ನ ಒಂದು ಹಾಳೆಯಲ್ಲಿ ಸದಸ್ಯರ ಅವಧಿಗಳನ್ನು ಬರೆದುಕೊಳ್ಳಿ: ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ರಾಜ್ಯದಿಂದ, ಯಾವ ಪಕ್ಷದಿಂದ, ನಡುವೆ ಸಚಿವರಾಗಿದ್ದರೇ, ವಿರೋಧ ಪಕ್ಷದ ನಾಯಕರಾಗಿದ್ದರೇ. ಈ ಮಾಹಿತಿಯಿಲ್ಲದೆ ಮುಂದಿನ ಯಾವ ಅಂಕಿಯೂ ಅರ್ಥವಾಗುವುದಿಲ್ಲ.

ರಾಜೀವ್ ಚಂದ್ರಶೇಖರ್ ಅವರ ಉದಾಹರಣೆ ನೋಡಿ. ಅವರು 2006ರಿಂದ 2024ರವರೆಗೆ ಕರ್ನಾಟಕದ ಪ್ರತಿನಿಧಿಯಾಗಿದ್ದರು. ಮೊದಲ ಎರಡು ಅವಧಿಗಳಿಗೆ ಪಕ್ಷೇತರರಾಗಿಯೂ ಮೂರನೆಯದಕ್ಕೆ ಬಿಜೆಪಿಯಿಂದಲೂ ಆಯ್ಕೆಯಾದರು, 2021ರ ಜುಲೈನಿಂದ ಕೇಂದ್ರದ ರಾಜ್ಯ ಸಚಿವರಾದರು. ಪಕ್ಷೇತರ ಸದಸ್ಯ ಹಾಕಿದ ಮತ, ಪಕ್ಷದ ಸದಸ್ಯ ಹಾಕಿದ ಮತ, ಸಚಿವ ಹಾಕಿದ ಮತ ಮೂರಕ್ಕೂ ತೂಕ ಬೇರೆ. ಜೈರಾಮ್ ರಮೇಶ್ ಅವರದು ಇನ್ನೊಂದು ಬಗೆ. ಅವರು 2004ರಿಂದ 2016ರವರೆಗೆ ಆಂಧ್ರಪ್ರದೇಶದಿಂದ ಬಂದವರು, ಆಮೇಲೆ ಕರ್ನಾಟಕದಿಂದ. ಆಧಾರ್ ಮಸೂದೆಗೆ ಅವರು ಮಂಡಿಸಿದ ತಿದ್ದುಪಡಿಗಳನ್ನು ರಾಜ್ಯಸಭೆ 2016ರ ಮಾರ್ಚ್ 16ರಂದು ಅಂಗೀಕರಿಸಿತು, ಲೋಕಸಭೆ ಅದೇ ದಿನ ತಿರಸ್ಕರಿಸಿತು. ಅದು ದೊಡ್ಡ ಘಟನೆಯೇ. ಆದರೆ ಆಗ ಅವರು ನಮ್ಮ ರಾಜ್ಯದ ಪ್ರತಿನಿಧಿಯಾಗಿರಲಿಲ್ಲ ಎಂಬುದನ್ನು ಕಡತದಲ್ಲಿ ಗುರುತಿಸಬೇಕು.

ನಾಮನಿರ್ದೇಶಿತರನ್ನು ಬೇರೆಯಾಗಿಯೇ ನೋಡಿ. ವೀರೇಂದ್ರ ಹೆಗ್ಗಡೆ (2022) ಮತ್ತು ಸುಧಾ ಮೂರ್ತಿ (2024) ಕನ್ನಡಿಗರಾದರೂ ರಾಷ್ಟ್ರಪತಿಗಳ ನಾಮನಿರ್ದೇಶನದಿಂದ ಬಂದವರು. ಕರ್ನಾಟಕದ 12 ಸ್ಥಾನಗಳ ಲೆಕ್ಕಕ್ಕೆ ಅವರು ಸೇರುವುದಿಲ್ಲ.

ಹಂತ 2: ಮೂಲ ಎಲ್ಲಿದೆ?

ಸಂಸತ್ತಿನ ಅಧಿಕೃತ ಜಾಲತಾಣ ಸಂಸದ್ ಡಾಟ್ ಇನ್. ಅದರ ರಾಜ್ಯಸಭಾ ವಿಭಾಗದಲ್ಲಿ ಸದಸ್ಯರ ವಿವರ, ಪ್ರಶ್ನೋತ್ತರ, ಮಸೂದೆಗಳು, ದಿನದ ಕಲಾಪ ಪಟ್ಟಿ ಮತ್ತು ಚರ್ಚೆಯ ಪಠ್ಯ ಸಿಗುತ್ತವೆ. 1952ರಿಂದೀಚಿನ ಹಳೆಯ ಚರ್ಚೆಗಳಿಗೆ ರಾಜ್ಯಸಭಾ ಸಚಿವಾಲಯದ ಪ್ರತ್ಯೇಕ ಸಂಗ್ರಹವಿದೆ. ಅದರ ವಿಳಾಸ ಆರ್‌ಎಸ್‌ಡಿಬೇಟ್ ಡಾಟ್ ಎನ್ಐಸಿ ಡಾಟ್ ಇನ್. ಅಂಕಿಗಳ ಸಾರಾಂಶ ಬೇಕಾದವರು ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ ಸಂಸ್ಥೆಯ ಪುಟದಲ್ಲಿ ಹಾಜರಾತಿ, ಭಾಗವಹಿಸಿದ ಚರ್ಚೆಗಳು, ಪ್ರಶ್ನೆಗಳು ಮತ್ತು ಖಾಸಗಿ ಸದಸ್ಯರ, ಅಂದರೆ ಸಚಿವರಲ್ಲದ ಸದಸ್ಯರ, ಮಸೂದೆಗಳ ಲೆಕ್ಕವನ್ನು ನೋಡಬಹುದು. ಯಾರು ಯಾವ ಮಸೂದೆಗೆ ಹೇಗೆ ಮತ ಹಾಕಿದರು ಎಂಬ ಲೆಕ್ಕ ಅಲ್ಲಿಲ್ಲ. ಅದನ್ನು ನೀವೇ ಚರ್ಚೆಯ ಪಠ್ಯದಿಂದ ಹೆಕ್ಕಬೇಕು.

ರಾಜ್ಯಸಭೆ ವಿಸರ್ಜನೆಯಾಗದ ಸದನವಾದ್ದರಿಂದ ಅದರ ಅಧಿವೇಶನಗಳ ಸಂಖ್ಯೆ ಮೊದಲಿನಿಂದಲೂ ಒಂದೇ ಸಾಲಿನಲ್ಲಿ ಮುಂದುವರಿಯುತ್ತದೆ. 2019ರ ಚಳಿಗಾಲದ ಅಧಿವೇಶನ 250ನೆಯದು. ಸಂಗ್ರಹದಲ್ಲಿ ಹುಡುಕುವಾಗ ಈ ಸಂಖ್ಯೆ ಮತ್ತು ಕಲಾಪದ ದಿನಾಂಕ ಇವೆರಡೇ ನಿಮ್ಮ ಕೀಲಿಕೈ. ದಿನಾಂಕದ ವಿಷಯದಲ್ಲಿ ಎಚ್ಚರ ಬೇಕು. ವಕ್ಫ್ ತಿದ್ದುಪಡಿ ಮಸೂದೆಯ ಮತದಾನ ನಡೆದದ್ದು 2025ರ ಏಪ್ರಿಲ್ 4ರ ನಸುಕಿನಲ್ಲಿ, ಆದರೆ ಆ ಬೈಠಕ್ ಆರಂಭವಾದದ್ದು ಏಪ್ರಿಲ್ 3ರಂದು. ಪತ್ರಿಕೆಯ ದಿನಾಂಕವನ್ನಷ್ಟೇ ಹಿಡಿದು ಹುಡುಕಿದವರಿಗೆ ಬರಿಗೈಯಾಗಬಹುದು. ಹಿಂದಿನ ದಿನವನ್ನೂ ನೋಡಿ.

ಹಂತ 3: ಮತದ ದಾಖಲೆ

ಇದೇ ಈ ಕೆಲಸದ ಅತಿ ಕಠಿಣ ಭಾಗ. ಸದನದಲ್ಲಿ ಬಹುಪಾಲು ಮಸೂದೆಗಳು ಧ್ವನಿಮತದಿಂದ ಅಂಗೀಕಾರವಾಗುತ್ತವೆ. ಸಭಾಪತಿ ಪರವಾಗಿರುವವರು ‘ಹೌದು’ ಎನ್ನಿ, ವಿರುದ್ಧವಾಗಿರುವವರು ‘ಇಲ್ಲ’ ಎನ್ನಿ ಎಂದು ಕೇಳಿ, ಯಾವ ಸದ್ದು ಹೆಚ್ಚೆಂದು ತೋರಿತೋ ಅದನ್ನು ತೀರ್ಪಾಗಿ ಹೇಳುತ್ತಾರೆ. ಅಂಥ ಮಸೂದೆಗಳಲ್ಲಿ ಒಬ್ಬೊಬ್ಬ ಸದಸ್ಯರ ಮತ ಎಲ್ಲಿಯೂ ದಾಖಲಾಗುವುದಿಲ್ಲ. ಯಾರಾದರೂ ಆ ತೀರ್ಪನ್ನು ಒಪ್ಪದೆ ಮತವಿಭಜನೆ ಕೇಳಿದಾಗ ಮಾತ್ರ ಗುಂಡಿ ಒತ್ತಿ ಮತ ಹಾಕುವ ಕ್ರಮ ಜಾರಿಗೆ ಬರುತ್ತದೆ. ಆಗಷ್ಟೇ ಹೆಸರುಗಳ ಪಟ್ಟಿ ಹುಟ್ಟುತ್ತದೆ. 2020ರ ಸೆಪ್ಟೆಂಬರ್ 20ರಂದು ಕೃಷಿ ಮಸೂದೆಗಳ ಮೇಲೆ ವಿರೋಧ ಪಕ್ಷಗಳು ಮತವಿಭಜನೆಗೆ ಒತ್ತಾಯಿಸಿದವು. ಸದಸ್ಯರು ತಮ್ಮ ಆಸನಗಳಲ್ಲಿದ್ದು ಕೇಳಬೇಕೆಂಬ ನಿಯಮವನ್ನು ಪೀಠ (ಆಗ ಕಲಾಪ ನಡೆಸುತ್ತಿದ್ದವರು) ಮುಂದಿಟ್ಟಿತು, ಮಸೂದೆಗಳು ಧ್ವನಿಮತದಿಂದ ಅಂಗೀಕಾರವಾದವು. ಮರುದಿನ ಅಮಾನತಾದ ಎಂಟು ಸದಸ್ಯರಲ್ಲಿ ಕರ್ನಾಟಕದ ಸಯ್ಯದ್ ನಾಸಿರ್ ಹುಸೇನ್ ಒಬ್ಬರು. ದೇಶದ ರೈತರೆಲ್ಲ ಗಮನಿಸುತ್ತಿದ್ದ ಆ ಮಸೂದೆಗಳಿಗೆ ನಮ್ಮ 12 ಮಂದಿಯಲ್ಲಿ ಯಾರು ಹೇಗೆ ಮತ ಹಾಕಿದರು ಎಂಬ ಪಟ್ಟಿ ಇಲ್ಲವೇ ಇಲ್ಲ. ನಾಗರಿಕರ ದೃಷ್ಟಿಯಿಂದ ಇದು ಗಂಭೀರ ಕೊರತೆ. ಮುಖ್ಯ ಮಸೂದೆಗಳಿಗೆ ಹೆಸರು ಸಹಿತ ಮತ ಕಡ್ಡಾಯವಾಗಬೇಕೆಂದು ನಾವು ಕೇಳಲೇಬೇಕು.

ಹೀಗಾಗಿ ಪಟ್ಟಿ ಖಚಿತವಾಗಿ ಇರುವ ಕಡೆಯಿಂದ ಕೆಲಸ ಆರಂಭಿಸಿ. ಸಂವಿಧಾನ ತಿದ್ದುಪಡಿ ಮಸೂದೆಗೆ ಒಟ್ಟು ಸದಸ್ಯಬಲದ ಬಹುಮತವೂ ಹಾಜರಿದ್ದು ಮತ ಹಾಕಿದವರ ಮೂರನೇ ಎರಡರಷ್ಟು ಬೆಂಬಲವೂ ಬೇಕಾದ್ದರಿಂದ ಅಲ್ಲಿ ಎಣಿಕೆ ತಪ್ಪುವುದಿಲ್ಲ. ಆರ್ಥಿಕವಾಗಿ ಹಿಂದುಳಿದವರ ಶೇಕಡಾ 10ರ ಮೀಸಲಾತಿ ಮಸೂದೆ 2019ರ ಜನವರಿ 9ರಂದು 165–7 ಮತಗಳಿಂದ ಅಂಗೀಕಾರವಾಯಿತು. ಇದಾದ ಮೇಲೆ ತೀವ್ರ ಪೈಪೋಟಿಯ ಮಸೂದೆಗಳಿಗೆ ಬನ್ನಿ: ತ್ರಿವಳಿ ತಲಾಖ್ (2019ರ ಜುಲೈ 30, 99–84), ಪೌರತ್ವ ತಿದ್ದುಪಡಿ (2019ರ ಡಿಸೆಂಬರ್ 11, 125–105), ದೆಹಲಿ ಸೇವೆಗಳ ಮಸೂದೆ (2023ರ ಆಗಸ್ಟ್ 7, 131–102), ವಕ್ಫ್ (128–95). ಕನ್ನಡಿಗರಿಗೆ ಇನ್ನೊಂದು ಪಟ್ಟಿ ವಿಶೇಷ ಆಸಕ್ತಿಯದು. 2018ರ ಆಗಸ್ಟ್ 9ರ ಉಪಸಭಾಪತಿ ಚುನಾವಣೆಯಲ್ಲಿ ಹರಿವಂಶ್ ಅವರ ಎದುರು ನಿಂತು 105 ಮತ ಪಡೆದವರು ನಮ್ಮವರೇ ಆದ ಬಿ.ಕೆ. ಹರಿಪ್ರಸಾದ್.

ಆಯಾ ದಿನದ ಚರ್ಚೆಯ ಪಿಡಿಎಫ್ ತೆರೆದರೆ ಮಸೂದೆಯ ಕೊನೆಯ ಭಾಗದಲ್ಲಿ ಪರ ಎಷ್ಟು, ವಿರುದ್ಧ ಎಷ್ಟು ಎಂಬ ಶೀರ್ಷಿಕೆಗಳ ಕೆಳಗೆ ಹೆಸರುಗಳು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿರುತ್ತವೆ. ಮೊದಲು ಕುಲನಾಮ ಅಥವಾ ಹೆಸರಿನ ಕೊನೆಯ ಭಾಗ, ಅಲ್ಪವಿರಾಮ, ನಂತರ ಶ್ರೀ ಅಥವಾ ಶ್ರೀಮತಿ, ಆಮೇಲೆ ಉಳಿದ ಹೆಸರು. ನಮ್ಮ ಹೆಸರುಗಳ ರೂಢಿಗೆ ಈ ಪದ್ಧತಿ ಹೊಂದುವುದಿಲ್ಲ. 2018ರಿಂದ 2024ರ ನಡುವೆ ಕರ್ನಾಟಕದಿಂದಲೇ ಇಬ್ಬರು ಚಂದ್ರಶೇಖರ್ ಇದ್ದರು: ಬಿಜೆಪಿಯ ರಾಜೀವ್ ಚಂದ್ರಶೇಖರ್ ಮತ್ತು ಕಾಂಗ್ರೆಸ್ಸಿನ ಜಿ.ಸಿ. ಚಂದ್ರಶೇಖರ್. ಪಿಡಿಎಫ್‌ನಲ್ಲಿ ‘ಚಂದ್ರಶೇಖರ್’ ಎಂದಷ್ಟೇ ಹುಡುಕಿ ಸಿಕ್ಕಿದ ಮೊದಲ ಸಾಲನ್ನು ಬರೆದುಕೊಂಡರೆ ಒಬ್ಬರ ಮತ ಇನ್ನೊಬ್ಬರ ತಲೆಗೆ ಕಟ್ಟಿದಂತಾಗುತ್ತದೆ. ಅದೂ ಎದುರುಬದಿರು ಪಕ್ಷಗಳಲ್ಲಿ! ಇಂಗ್ಲಿಷಿನಲ್ಲಿ ಆ ಹೆಸರಿನ ಕಾಗುಣಿತವೂ ಒಂದೇ ರೀತಿ ಇರುವುದಿಲ್ಲ. ಆದ್ದರಿಂದ ಹುಡುಕಾಟದ ಪೆಟ್ಟಿಗೆಯನ್ನು ನಂಬದೆ, ಎರಡೂ ಪಟ್ಟಿಗಳನ್ನು ಮೊದಲಿನಿಂದ ಕೊನೆಯವರೆಗೆ ಕಣ್ಣಿಂದ ಓದಿ ಹೆಸರಿನ ಮೇಲೆ ಬೆರಳಿಟ್ಟು ಖಚಿತಪಡಿಸಿಕೊಳ್ಳಿ.

ಒಂದೇ ಮಸೂದೆಗೆ ಒಂದೇ ದಿನ ಹಲವು ಮತವಿಭಜನೆಗಳು ನಡೆಯುವುದುಂಟು. ಮಸೂದೆಯನ್ನು ವಿವರವಾದ ಪರಿಶೀಲನೆಗಾಗಿ ಸದಸ್ಯರ ಆಯ್ಕೆ ಸಮಿತಿಗೆ ಒಪ್ಪಿಸಬೇಕೆಂಬ ನಿರ್ಣಯ, ವಿರೋಧ ಪಕ್ಷದವರ ತಿದ್ದುಪಡಿಗಳು, ಕೊನೆಗೆ ಮಸೂದೆಯ ಅಂಗೀಕಾರ ಹೀಗೆ ಸಾಲಾಗಿ ಬರುತ್ತವೆ. ಆಯ್ಕೆ ಸಮಿತಿಯ ನಿರ್ಣಯಕ್ಕೆ ‘ಪರ’ ಎಂದವರು ಸಾಮಾನ್ಯವಾಗಿ ಮಸೂದೆಗೆ ‘ವಿರುದ್ಧ’ ಇರುವವರು. ಪಟ್ಟಿಯ ಮೇಲಿನ ವಾಕ್ಯದಲ್ಲಿ ಮತಕ್ಕೆ ಹಾಕಿದ ಪ್ರಶ್ನೆ ಯಾವುದು ಎಂದು ಓದದೆ ‘ಪರ’ ಎಂದು ಬರೆದುಕೊಂಡರೆ ಅರ್ಥ ತಿರುಗುಮುರುಗಾಗುತ್ತದೆ. ಹಾಗೆಯೇ, ಫಲಕದ ಮೇಲೆ ಮೊದಲು ಕಾಣುವ ಅಂಕಿಯನ್ನು ತಿದ್ದುಪಡಿಗೆ ಒಳಪಟ್ಟಿದೆ ಎಂದೇ ಪೀಠ ಪ್ರಕಟಿಸುತ್ತದೆ. ಯಂತ್ರದಲ್ಲಿ ಮತ ದಾಖಲಾಗದವರು ಚೀಟಿ ಬರೆದು ಕೊಡುತ್ತಾರೆ. ಟಿವಿಯಲ್ಲಿ ಕಂಡ ಸಂಖ್ಯೆಗೂ ಅಂತಿಮ ಸಂಖ್ಯೆಗೂ ವ್ಯತ್ಯಾಸ ಬಂದರೆ ಅಂತಿಮ ಪಠ್ಯವನ್ನೇ ಹಿಡಿಯಿರಿ.

ಎರಡೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ? ಊರಲ್ಲಿಲ್ಲದಿರಬಹುದು, ಅಸ್ವಸ್ಥರಾಗಿರಬಹುದು, ಸದನದಲ್ಲೇ ಇದ್ದು ತಟಸ್ಥರಾಗಿರಬಹುದು, ಪಕ್ಷದ ತೀರ್ಮಾನದಂತೆ ಸಭಾತ್ಯಾಗ ಮಾಡಿರಬಹುದು. ತ್ರಿವಳಿ ತಲಾಖ್ ಮಸೂದೆಯ ದಿನ ಜೆಡಿಯು ಮತ್ತು ಎಐಎಡಿಎಂಕೆ ಸದಸ್ಯರು ಹೊರನಡೆದದ್ದರಿಂದಲೇ ಬಹುಮತದ ಗೆರೆ ಕೆಳಗಿಳಿಯಿತು. ಅಲ್ಲಿ ಗೈರುಹಾಜರಿಯೂ ಒಂದು ನಿಲುವು. ಕಾರಣ ಗೊತ್ತಾಗುವವರೆಗೆ ನಿಮ್ಮ ಕಡತದಲ್ಲಿ ‘ಮತ ದಾಖಲಾಗಿಲ್ಲ’ ಎಂದಷ್ಟೇ ಬರೆಯಿರಿ. ‘ತಪ್ಪಿಸಿಕೊಂಡರು’ ಎಂದು ಬರೆಯಬೇಡಿ.

ಇನ್ನು ವಿಪ್, ಅಂದರೆ ಹೀಗೆಯೇ ಮತ ಹಾಕಬೇಕೆಂದು ಪಕ್ಷ ತನ್ನ ಸದಸ್ಯರಿಗೆ ಕೊಡುವ ನಿರ್ದೇಶನ. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿಯ ಪ್ರಕಾರ, ಪಕ್ಷದ ನಿರ್ದೇಶನಕ್ಕೆ ವಿರುದ್ಧವಾಗಿ ಮತ ಹಾಕಿದವರು ಅಥವಾ ಮತ ಹಾಕದೆ ಉಳಿದವರು, ಪಕ್ಷ 15 ದಿನಗಳೊಳಗೆ ಮನ್ನಿಸದಿದ್ದರೆ ಸದಸ್ಯತ್ವ ಕಳೆದುಕೊಳ್ಳಬಹುದು. ಆದ್ದರಿಂದ ಪಕ್ಷದ ಸದಸ್ಯರೊಬ್ಬರ ಮತ ಬಹುಮಟ್ಟಿಗೆ ಪಕ್ಷದ ಮತವೇ. ಆ ಮತವನ್ನು ಅವರ ಸ್ವಂತ ವಿವೇಚನೆಯ ಗುರುತೆಂದು ಹೊಗಳುವುದೂ ತೆಗಳುವುದೂ ನ್ಯಾಯವಲ್ಲ. ಆದರೆ ಹೊಣೆ ತಪ್ಪುವುದಿಲ್ಲ: ವಿಪ್ ಇದ್ದರೂ ಅವರು ಚರ್ಚೆಯಲ್ಲಿ ಏನು ಹೇಳಿದರು, ಯಾವ ಆಕ್ಷೇಪ ಎತ್ತಿದರು, ಯಾವ ತಿದ್ದುಪಡಿಗೆ ಸೂಚನೆ ಕೊಟ್ಟರು ಎಂಬುದು ಅವರದೇ. ಮಾತಿನ ದಾಖಲೆ ಮತದ ದಾಖಲೆಗಿಂತ ಹೆಚ್ಚು ತೂಕದ್ದಾಗುವುದು ಇಲ್ಲಿಯೇ. 2023ರ ಸೆಪ್ಟೆಂಬರ್ 21ರ ಮಹಿಳಾ ಮೀಸಲಾತಿ ಮಸೂದೆಗೆ ಒಂದೂ ವಿರೋಧ ಮತ ಬೀಳಲಿಲ್ಲ. ಮತದ ಪಟ್ಟಿಯಿಂದ ಯಾರನ್ನೂ ಬೇರ್ಪಡಿಸಲಾಗದು. ಹಿಂದುಳಿದ ವರ್ಗಗಳ ಮಹಿಳೆಯರಿಗೆ ಒಳಮೀಸಲಾತಿ ಬೇಕೇ, ಕ್ಷೇತ್ರ ಪುನರ್ವಿಂಗಡಣೆಯವರೆಗೆ ಕಾಯಬೇಕೇ ಎಂಬ ಭಿನ್ನಾಭಿಪ್ರಾಯವೆಲ್ಲ ಭಾಷಣಗಳಲ್ಲಿದೆ.

ಹಣಕಾಸು ಮಸೂದೆಗಳ (ಮನಿ ಬಿಲ್) ಬಗ್ಗೆ ಒಂದೇ ಮಾತು. ರಾಜ್ಯಸಭೆ ಅವನ್ನು ತಿರಸ್ಕರಿಸಲಾರದು. 14 ದಿನಗಳೊಳಗೆ ಶಿಫಾರಸುಗಳೊಡನೆ ಅಥವಾ ಅವಿಲ್ಲದೆ ಹಿಂತಿರುಗಿಸಬೇಕು. ‘ಬಜೆಟ್ಟನ್ನು ಇವರೇಕೆ ತಡೆಯಲಿಲ್ಲ’ ಎಂಬ ಪ್ರಶ್ನೆ ಅಲ್ಲಿಗೆ ಅನ್ವಯಿಸುವುದಿಲ್ಲ.

ಹಂತ 4: ಮಾತಿನ ದಾಖಲೆ

ಚರ್ಚೆಯ ಪಠ್ಯ ಎರಡು ರೂಪದಲ್ಲಿ ಬರುತ್ತದೆ. ಮೊದಲನೆಯದು ಕಲಾಪದ ಬೆನ್ನಲ್ಲೇ ಬರುವ, ಇನ್ನೂ ತಿದ್ದದ ಪಠ್ಯ; ಎರಡನೆಯದು ಪರಿಷ್ಕರಿಸಿದ ಅಧಿಕೃತ ಪಠ್ಯ. ಉಲ್ಲೇಖಿಸುವಾಗ ಯಾವುದರಿಂದ ಎಂದು ತಿಳಿಸಿ. ಕನ್ನಡದಲ್ಲಿ ಮಾತನಾಡಿದ ಸದಸ್ಯರ ಭಾಷಣಕ್ಕೆ ಪಠ್ಯದಲ್ಲಿ ಅನುವಾದವೇ ಆಧಾರವಾಗಬಹುದು. ಎಂಟನೇ ಅನುಸೂಚಿಯ 22 ಭಾಷೆಗಳಲ್ಲೂ ಮಾತನಾಡುವ, ಏಕಕಾಲಕ್ಕೆ ಭಾಷಾಂತರ ಕೇಳುವ ಸೌಲಭ್ಯ ರಾಜ್ಯಸಭೆಯಲ್ಲಿ 2018ರಿಂದ ಇದೆ. ಹಾಗಾಗಿ ಕನ್ನಡದ ಭಾಷಣವನ್ನು ಸಂಸದ್ ಟಿವಿಯ ದೃಶ್ಯಮುದ್ರಣದಲ್ಲಿ ನೇರವಾಗಿ ಕೇಳಿ. ಅನುವಾದದಲ್ಲಿ ಸಪ್ಪೆಯಾಗಿ ಕಂಡ ಮಾತು ಮೂಲದಲ್ಲಿ ಎಷ್ಟು ಖಾರವಾಗಿತ್ತು ಎಂದು ಆಗ ತಿಳಿಯುತ್ತದೆ.

ಭಾಷಣದ ನಡುವೆ ನಕ್ಷತ್ರ ಚಿಹ್ನೆಗಳು ಕಂಡರೆ ಆ ಮಾತುಗಳನ್ನು ಪೀಠದ ಆದೇಶದಂತೆ ಕಡತದಿಂದ ತೆಗೆಯಲಾಗಿದೆ ಎಂದರ್ಥ. 2023ರ ಫೆಬ್ರುವರಿಯಲ್ಲಿ ವಿರೋಧ ಪಕ್ಷದ ನಾಯಕ ಮಲ್ಲಿಕಾರ್ಜುನ ಖರ್ಗೆ ಅವರ ಭಾಷಣದ ಕೆಲವು ಭಾಗಗಳು ಹೀಗೆ ಹೊರಗೆ ಹೋದವು. ಅದರ ಬಗ್ಗೆ ಸದನದಲ್ಲೇ ವಾದ ನಡೆಯಿತು. ಅಧಿಕೃತ ಪಠ್ಯವೂ ನಡೆದದ್ದೆಲ್ಲವನ್ನೂ ಹೇಳುವುದಿಲ್ಲ ಎಂಬ ಅರಿವು ಓದುಗರಿಗಿರಬೇಕು.

ಭಾಷಣದ ಉದ್ದವನ್ನು ಸದಸ್ಯರ ಉತ್ಸಾಹದ ಅಳತೆಯೆಂದು ಭಾವಿಸಬೇಡಿ. ಚರ್ಚೆಯ ಒಟ್ಟು ಸಮಯವನ್ನು ಪಕ್ಷಗಳ ಬಲಕ್ಕೆ ತಕ್ಕಂತೆ ಹಂಚಲಾಗುತ್ತದೆ. ದೊಡ್ಡ ಪಕ್ಷದಲ್ಲಿ ಯಾರು ಮಾತನಾಡಬೇಕೆಂದು ಪಕ್ಷವೇ ನಿರ್ಧರಿಸುತ್ತದೆ; ಒಬ್ಬಿಬ್ಬರಷ್ಟೇ ಇರುವ ಪಕ್ಷದವರಿಗೆ ಸಿಗುವುದು ಕೆಲವೇ ನಿಮಿಷ. ತುರ್ತು ಸಾರ್ವಜನಿಕ ವಿಷಯಗಳನ್ನು ಎತ್ತುವ ಶೂನ್ಯ ವೇಳೆಯಲ್ಲಿ ಒಬ್ಬರಿಗೆ ಮೂರು ನಿಮಿಷ. ಆ ಮೂರು ನಿಮಿಷದಲ್ಲಿ ಒಂದೇ ಸಮಸ್ಯೆಯನ್ನು ಹಿಡಿದು, ಸ್ಥಳ, ವೆಚ್ಚ, ವಿಳಂಬದ ಕಾರಣ ಹೇಳಿ ಇಲಾಖೆಯಿಂದ ಇಂಥದ್ದು ಬೇಕೆಂದು ಕೇಳಿದವರನ್ನು ಅರ್ಧ ಗಂಟೆ ಪಕ್ಷದ ಗುಣಗಾನ ಮಾಡಿದವರಿಗಿಂತ ಮೇಲಿಡುತ್ತೇನೆ. ಒಬ್ಬರು ಮಾತನಾಡಿದ ಮೇಲೆ ‘ಈ ವಿಷಯಕ್ಕೆ ನನ್ನ ಸಹಮತವಿದೆ’ ಎಂದ ಸದಸ್ಯರ ಹೆಸರುಗಳೂ ಪಠ್ಯದಲ್ಲಿ ಸಾಲಾಗಿ ಬರುತ್ತವೆ. ಅವನ್ನು ಭಾಷಣವೆಂದು ಎಣಿಸಬಾರದು.

ಶುಕ್ರವಾರ ಮಧ್ಯಾಹ್ನದ ಖಾಸಗಿ ಸದಸ್ಯರ ಕಲಾಪವನ್ನು ತಪ್ಪದೆ ಓದಿ. ವಿಪ್‌ನ ಬಿಗಿ ಸಡಿಲವಾಗಿರುವ ಹೊತ್ತು ಅದು. ಖಾಸಗಿ ಮಸೂದೆ ಕಾಯ್ದೆಯಾಗುವುದು ಬಹಳ ಅಪರೂಪ. 1970ರ ನಂತರ ಸಂಸತ್ತಿನ ಎರಡೂ ಸದನಗಳನ್ನು ಒಂದೂ ದಾಟಿಲ್ಲ. ಆದರೂ ತಮಿಳುನಾಡಿನ ಡಿಎಂಕೆ ಸದಸ್ಯ ತಿರುಚ್ಚಿ ಶಿವ ಅವರ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಮಸೂದೆಯನ್ನು 2015ರ ಏಪ್ರಿಲ್ 24ರಂದು ರಾಜ್ಯಸಭೆ ಒಪ್ಪಿತು. ನಮ್ಮ ಸದಸ್ಯರ ಮನಸ್ಸಿನಲ್ಲಿ ನಿಜವಾಗಿ ಯಾವ ವಿಷಯವಿದೆ ಎಂಬುದು ಅವರು ಮಂಡಿಸಿದ ಖಾಸಗಿ ಮಸೂದೆಗಳ ಶೀರ್ಷಿಕೆಗಳಲ್ಲೇ ಗೊತ್ತಾಗುತ್ತದೆ.

ಹಂತ 5: ಪ್ರಶ್ನೆಗಳು

ದಿನಕ್ಕೆ 15 ಚುಕ್ಕೆ ಗುರುತಿನ ಪ್ರಶ್ನೆಗಳು ಮತ್ತು 160 ಚುಕ್ಕೆ ಗುರುತಿಲ್ಲದ ಪ್ರಶ್ನೆಗಳು ಪಟ್ಟಿಗೆ ಬರುತ್ತವೆ. ಮೊದಲನೆಯದಕ್ಕೆ ಸಚಿವರು ಸದನದಲ್ಲೇ ಉತ್ತರಿಸಬೇಕು, ಉಪಪ್ರಶ್ನೆಗೆ ಅವಕಾಶವಿದೆ. ಎರಡನೆಯದಕ್ಕೆ ಲಿಖಿತ ಉತ್ತರ. ಯಾರ ಪ್ರಶ್ನೆ ಪಟ್ಟಿಗೇರುತ್ತದೆ ಎಂಬುದು ಚೀಟಿ ಎತ್ತುವಿಕೆಯಿಂದ ತೀರ್ಮಾನವಾಗುವುದರಿಂದ ಚುಕ್ಕೆ ಗುರುತಿನ ಪ್ರಶ್ನೆಗಳ ಸಂಖ್ಯೆಯಲ್ಲಿ ಅದೃಷ್ಟದ ಪಾಲೂ ಇದೆ. 2020ರ ಮುಂಗಾರು ಅಧಿವೇಶನದಲ್ಲಿ ಪ್ರಶ್ನೋತ್ತರ ಕಲಾಪವೇ ಇರಲಿಲ್ಲ, ಲಿಖಿತ ಉತ್ತರಗಳಷ್ಟೇ ಇದ್ದವು. ಆ ವರ್ಷ ಚಳಿಗಾಲದ ಅಧಿವೇಶನವೂ ನಡೆಯಲಿಲ್ಲ.

ಎಣಿಸುವುದಕ್ಕಿಂತ ಓದುವುದು ಮುಖ್ಯ. ಬೆಂಗಳೂರು ಉಪನಗರ ರೈಲು ಯೋಜನೆಯನ್ನೇ ತೆಗೆದುಕೊಳ್ಳಿ. 148 ಕಿಲೋಮೀಟರ್ ಉದ್ದದ, 15,767 ಕೋಟಿ ರೂಪಾಯಿ ಅಂದಾಜಿನ ಈ ಯೋಜನೆಗೆ ಕೇಂದ್ರ ಒಪ್ಪಿಗೆ ಕೊಟ್ಟದ್ದು 2020ರ ಅಕ್ಟೋಬರ್‌ನಲ್ಲಿ. ಪ್ರಶ್ನೆಗಳ ಪುಟದಲ್ಲಿ ರೈಲ್ವೆ ಸಚಿವಾಲಯವನ್ನು ಆರಿಸಿ, ಯೋಜನೆಯ ಹೆಸರು ಹಾಕಿ ಹುಡುಕಿ. ಪ್ರತಿ ಪ್ರಶ್ನೆಯೂ ಎ, ಬಿ, ಸಿ ಎಂದು ಉಪಭಾಗಗಳಲ್ಲಿರುತ್ತದೆ. ಉತ್ತರ ಹೆಚ್ಚಾಗಿ ಎಲ್ಲ ಭಾಗಗಳಿಗೂ ಒಟ್ಟಾಗಿ ಬರುತ್ತದೆ. ಪೆನ್ನು ಹಿಡಿದು ಯಾವ ಉಪಭಾಗಕ್ಕೆ ಉತ್ತರ ಸಿಕ್ಕಿತು, ಯಾವುದು ಹಾಗೇ ಉಳಿಯಿತು ಎಂದು ಗುರುತು ಹಾಕಿ. ‘ಯಾವ ಕಾರಿಡಾರಿಗೆ ಎಷ್ಟು ಎಕರೆ ಭೂಮಿ ಹಸ್ತಾಂತರವಾಗಿದೆ’ ಎಂದು ಕೇಳಿದ ಸದಸ್ಯರು ಅಧಿಕಾರಿಗಳಿಂದ ಅಂಕಿ ಹೊರಡಿಸುತ್ತಾರೆ. ‘ಸರ್ಕಾರ ಕೈಗೊಂಡ ಕ್ರಮಗಳೇನು’ ಎಂದು ಕೇಳಿದವರಿಗೆ ಪತ್ರಿಕಾ ಪ್ರಕಟಣೆಯಂಥ ಉತ್ತರ ದೊರೆಯುತ್ತದೆ. ಉತ್ತರದಲ್ಲಿ ಮಾಹಿತಿ ಸಂಗ್ರಹಿಸಿ ಸದನದ ಮುಂದೆ ಇಡಲಾಗುವುದು ಎಂಬ ವಾಕ್ಯವಿದ್ದರೆ ಅದು ಭರವಸೆಯಾಗುತ್ತದೆ, ಅದರ ಬೆನ್ನು ಹತ್ತಲು ಸರ್ಕಾರಿ ಭರವಸೆಗಳ ಸಮಿತಿಯಿದೆ. ಅದೇ ಸದಸ್ಯರು ಮುಂದಿನ ಅಧಿವೇಶನದಲ್ಲಿ ಆ ವಿಷಯವನ್ನು ಮತ್ತೆ ಕೇಳಿದರೇ? ಸದಸ್ಯರ ಶ್ರದ್ಧೆಯನ್ನು ತೋರಿಸುವ ಇದಕ್ಕಿಂತ ಒಳ್ಳೆಯ ಗುರುತು ನನಗೆ ಕಂಡಿಲ್ಲ. ಒಂದೇ ಪ್ರಶ್ನೆಯ ಮೇಲೆ ಹಲವರ ಹೆಸರಿರುವುದುಂಟು, ಅದನ್ನೂ ಬರೆದಿಡಿ.

ಸಚಿವರು ಪ್ರಶ್ನೆ ಕೇಳುವುದಿಲ್ಲ, ಉತ್ತರಿಸುತ್ತಾರೆ. ಕರ್ನಾಟಕದಿಂದ ಆಯ್ಕೆಯಾಗಿ ಹಣಕಾಸು ಸಚಿವರಾದ ನಿರ್ಮಲಾ ಸೀತಾರಾಮನ್ ಅವರ ಪ್ರಶ್ನೆಗಳ ಲೆಕ್ಕ ಸೊನ್ನೆ ಎಂದು ಆಕ್ಷೇಪಿಸುವುದರಲ್ಲಿ ಅರ್ಥವಿಲ್ಲ.

ಹಂತ 6: ಸಮಿತಿ ಮತ್ತು ಹಾಜರಾತಿ

ಇಲಾಖಾವಾರು ಸ್ಥಾಯಿ ಸಮಿತಿಗಳು 24. ಪ್ರತಿಯೊಂದರಲ್ಲೂ ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರು. ಸಭೆಗಳು ಗೋಪ್ಯವಾದರೂ ವರದಿಯ ಕೊನೆಯಲ್ಲಿ ನಡಾವಳಿ ಇರುತ್ತದೆ, ಯಾರು ಹಾಜರಿದ್ದರು ಎಂಬ ಪಟ್ಟಿ ಅದರಲ್ಲಿದೆ, ಭಿನ್ನಾಭಿಪ್ರಾಯ ಟಿಪ್ಪಣಿಗಳೂ ಅಲ್ಲೇ ಸಿಗುತ್ತವೆ. ಕ್ಯಾಮೆರಾ ಇಲ್ಲದ ಕಡೆ ಸದಸ್ಯರು ಮಾಡಿದ ಕೆಲಸ ತಿಳಿಯಲು ಇದೊಂದೇ ಕಿಟಕಿ.

ಹಾಜರಾತಿ ಎಂದರೆ ಪುಸ್ತಕದಲ್ಲಿ ಸಹಿ ಎಂದಷ್ಟೇ ಅರ್ಥ. ಸಹಿ ಹಾಕಿದ ಮೇಲೆ ಗದ್ದಲದಿಂದ ಸದನ ಮುಂದೂಡಿದರೂ ಹಾಜರಾತಿ ಉಳಿಯುತ್ತದೆ. ಸಚಿವರೂ ವಿರೋಧ ಪಕ್ಷದ ನಾಯಕರೂ ಆ ಪುಸ್ತಕದಲ್ಲಿ ಸಹಿ ಮಾಡಬೇಕಿಲ್ಲ.

ಹಂತ 7: ಕಡತ ಕಟ್ಟುವುದು, ಪ್ರಶ್ನೆ ಕೇಳುವುದು

ಸಂಗ್ರಹಿಸಿದ್ದನ್ನು ಒಂದು ಸ್ಪ್ರೆಡ್‌ಶೀಟಿನಲ್ಲಿ ಹಾಕಿ. ಕಲಾಪದ ದಿನಾಂಕ, ಅಧಿವೇಶನದ ಸಂಖ್ಯೆ, ವಿಷಯ, ಮತಕ್ಕೆ ಹಾಕಿದ ಪ್ರಶ್ನೆಯ ಪೂರ್ಣ ವಾಕ್ಯ, ಸದಸ್ಯರ ಮತ, ಅವರ ಪಕ್ಷದ ನಿಲುವು, ಅದೇ ವಿಷಯದ ಮೇಲಿನ ಅವರ ಭಾಷಣದ ಪುಟಸಂಖ್ಯೆ ಇಷ್ಟು ಅಂಕಣಗಳು ಸಾಕು. ಒಬ್ಬರು ತುಂಬಿದ್ದನ್ನು ಇನ್ನೊಬ್ಬರು ಮೂಲ ಪಿಡಿಎಫ್ ಇಟ್ಟುಕೊಂಡು ತಾಳೆ ನೋಡಲಿ. ಜಯನಗರ, ಮಲ್ಲೇಶ್ವರದಂಥ ಬಡಾವಣೆಗಳ ನಿವಾಸಿಗಳ ಸಂಘಗಳಲ್ಲಿ ಇಂಥ ಕೆಲಸಕ್ಕೆ ಸಮಯವಿರುವ ನಿವೃತ್ತ ಅಧಿಕಾರಿಗಳು, ಶಿಕ್ಷಕರು ಇದ್ದೇ ಇರುತ್ತಾರೆ. ಜಾಲತಾಣದಲ್ಲಿ ಸಿಗದ ದಾಖಲೆಗೆ ರಾಜ್ಯಸಭಾ ಸಚಿವಾಲಯದ ಮಾಹಿತಿ ಅಧಿಕಾರಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಉತ್ತರಕ್ಕೆ ಕಾನೂನು ಕೊಟ್ಟಿರುವ ಗಡುವು 30 ದಿನ. ಸದಸ್ಯರ ಹಿತಾಸಕ್ತಿಗಳ ನೋಂದಣಿ ಪುಸ್ತಕವನ್ನೂ ರಾಜ್ಯಸಭೆ ಇಟ್ಟಿದೆ. ಸದಸ್ಯರು ತಾವು ವ್ಯವಹಾರ ಹೊಂದಿರುವ ಉದ್ಯಮದ ಬಗ್ಗೆ ಮಾತನಾಡಿದ್ದಾರೆಂಬ ಅನುಮಾನವಿದ್ದರೆ ಅದರ ಮಾಹಿತಿಯನ್ನೂ ಕೇಳಿ.

ಪ್ರಕಟಿಸುವ ಮುನ್ನ ಕಡತವನ್ನು ಸದಸ್ಯರ ಕಚೇರಿಗೆ ಕಳುಹಿಸಿ, ಗೈರುಹಾಜರಿಗೆ ಕಾರಣ ಮತ್ತು ಭಾಷಣಕ್ಕೂ ಮತಕ್ಕೂ ಹೊಂದದ ಕಡೆ ವಿವರಣೆ ಕೇಳಿ, ಉತ್ತರ ಬಂದರೆ ಅವರ ಮಾತಿನಲ್ಲೇ ಸೇರಿಸಿ. ನಿಮ್ಮ ಶಾಸಕರಿಗೂ ಒಂದು ಪ್ರತಿ ಕೊಡಿ. ರಾಜ್ಯಸಭಾ ಚುನಾವಣೆಯಲ್ಲಿ 2003ರಿಂದ ಮುಕ್ತ ಮತದಾನವಿದೆ. ಶಾಸಕರು ತಮ್ಮ ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸಿಯೇ ಪೆಟ್ಟಿಗೆಗೆ ಹಾಕುತ್ತಾರೆ. ಪಕ್ಷಕ್ಕೆ ತೋರಿಸುವ ಮತದ ಬಗ್ಗೆ ತಮ್ಮನ್ನು ಆರಿಸಿದವರು ವಿಚಾರಿಸಿದರೆ ಅವರು ಬೇಸರಪಡಬೇಕಿಲ್ಲ. ಇಂಥವರನ್ನು ಏಕೆ ಕಳುಹಿಸಿದಿರಿ, ಅವಧಿ ಮುಗಿದಾಗ ಮತ್ತೆ ಅವರನ್ನೇ ಕಳುಹಿಸುವಿರಾ ಎಂದು ಕಡತ ಮುಂದಿಟ್ಟು ಕೇಳಿ. ಬಜೆಟ್, ಮುಂಗಾರು, ಚಳಿಗಾಲ ಹೀಗೆ ಪ್ರತಿ ಅಧಿವೇಶನದ ಪರಿಷ್ಕೃತ ಪಠ್ಯ ಬಂದ ಕೂಡಲೇ ಕಡತವನ್ನು ತಿದ್ದಿ, ತಿದ್ದಿದ ದಿನಾಂಕವನ್ನು ಮೊದಲ ಸಾಲಿನಲ್ಲಿ ನಮೂದಿಸಿ.